ನನ್ನ ರಜೆಯೂ ಅಮ್ಮನ ಸವಾರಿಯೂ

ಅಮ್ಮನಿಗೆ ಮರೆವಿನ ಕಾಯಿಲೆ ಬಂದಾಗಿನಿಂದ ಜಾವಗಲ್‌ನ ನಮ್ಮ ಮನೆಯಲ್ಲಿ ನಗುವಂಥದ್ದೇನಾದರೂ ನಡೆಯದ ದಿನವೇ ಇಲ್ಲ. ನಗೋರು ಬೀದಿಯವರು, ಹೊಟ್ಟೆ ಉರ್ಕೊಳ್ಳೋನು ನಾನು. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಕೊಬ್ಬರಿ ಲಾರಿ ಹತ್ತಿದವನು. ಒಂದೂರಲ್ಲಿ ನಿಂತ ಕಾಲಲ್ಲ ಇದು. ಈಗ ಅಮ್ಮನನ್ನು ನೋಡಿಕೊಳ್ಳೋಕೆ ನಾನೊಬ್ಬನೇ. ಬಾಗಿಲು ದಾಟಿದರೆ ಹಾಲಿನ ಡೈರಿ, ಅಲ್ಲಿಂದ ವಾಪಸ್ಸು ಮನೆ.

1. ಫ್ರೀ ಬಸ್ಸು

ಒಂದಿನ ಸ್ನಾನ ಮುಗಿಸಿ ಬರೋಷ್ಟರಲ್ಲಿ ಅಮ್ಮ ಮಾಯ. ಬಸ್‌ಸ್ಟ್ಯಾಂಡಿನ ಹೂವಿನವಳು, "ನಿಮ್ಮವ್ವ ಬೇಲೂರು ಬಸ್ ಹತ್ತಿದ್ರಲ್ಲ" ಅಂದಳು. ಅದರ ಹಿಂದೆ ಬಂದ ಬಸ್ಸು ಹಿಡಿದು ಓಡಿದೆ. ದಾರೀಲಿ ಹಳೇಬೀಡಲ್ಲಿ ಕಿಟಕಿಯಿಂದ ಇಣುಕಿದರೆ, ದೇವಸ್ಥಾನದ ಮುಂದೆ ಹುಲ್ಲಿನ ಮೇಲೆ, ಟೂರಿಗೆ ಬಂದ ಹೆಂಗಸರ ಜೊತೆ ಕೂತು ಪುಳಿಯೋಗರೆ ತಿಂತಾ ಇದ್ದಳು. ನಾನೋ, ಬೆಳಗಿಂದ ಕಾಫೀನೂ ಕುಡಿದಿರಲಿಲ್ಲ.

ವಾಪಸ್ಸು ಬರುವಾಗ ಅಮ್ಮ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡ್ ತೋರಿಸಿದಳು. ಮಗನ ಹೆಸರು ಮರೆತಿದ್ದಾಳೆ, ಹೆಂಗಸರಿಗೆ ಬಸ್ ಫ್ರೀ ಅನ್ನೋದು ಮರೆತಿಲ್ಲ!

"ಜೊತೇಲಿರೋರು ಯಾರಮ್ಮ?" ಅಂದ ಕಂಡಕ್ಟರ್.

"ಯಾರೋ ಏನೋ ಕಣಪ್ಪ. ಗಂಡಸಲ್ವಾ, ಟಿಕೆಟ್ ಹರಿ."

2. ಯಾರಿಗೆ ಕಾಯಿಲೆ?

ಅರಸೀಕೆರೆಯ ಡಾಕ್ಟರಮ್ಮ ಅಮ್ಮನ ಬಿ.ಪಿ. ನೋಡಿ "ನಾರ್ಮಲ್" ಅಂದರು. ಆಮೇಲೆ ನನ್ನ ಮುಖ ನೋಡಿ ನನ್ನ ತೋಳಿಗೂ ಪಟ್ಟಿ ಸುತ್ತಿದರು. ಅವರ ಹುಬ್ಬು ಮೇಲೇರಿತು.

"ನಿದ್ದೆ ಮಾಡ್ತೀರೇನ್ರೀ?"

"ಅಮ್ಮ ಮಾಡಿದ್ರೆ ಮಾಡ್ತೀನಿ."

"ವಾರಕ್ಕೊಂದಿನ ಇನ್ಯಾರಿಗಾದ್ರೂ ಒಪ್ಪಿಸಿ ಹೊರಗೆ ತಿರುಗಾಡ್ಕೊಂಡು ಬನ್ನಿ. ನೀವೇ ಬಿದ್ರೆ ಇವರ ಗತಿ ಏನು?"

ಅಮ್ಮ ನನ್ನ ತಲೆ ಸವರಿ, "ಹೆದರಬೇಡಿ ಡಾಕ್ಟ್ರೇ, ಈ ಹುಡುಗನ್ನ ನಾನ್ ನೋಡ್ಕೋತೀನಿ" ಅಂದಳು. ಮಾತ್ರೆ ಹಿಡಿದು ನಾನು, ನನ್ನ ಕೈ ಹಿಡಿದು ಅವಳು, ಹೊರಗೆ ಬಂದ್ವಿ. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬಳು, "ಈ ವಯಸ್ಸಲ್ಲೂ ಮಗನ್ನ ಹೆಂಗ್ ನೋಡ್ಕೋತವ್ಳೆ, ಪುಣ್ಯಾತ್ಗಿತ್ತಿ!" ಅಂದಳು.

ಗೇಯೋನು ನಾನು, ಪುಣ್ಯ ಅವಳಿಗೆ.

3. ಒಂದು ದಿನದ ರಜೆ

ಡಾಕ್ಟರಮ್ಮನ ಮಾತಿನಂತೆ ಮಾದಿಹಳ್ಳಿಯಿಂದ ತಂಗಿಯನ್ನು ಕರೆಸಿದೆ. ನಾನು ಬಾಚಣಿಗೆ ಮುಟ್ಟಿದರೆ ಬೀದಿಗೆಲ್ಲಾ ಕೇಳೋ ಹಂಗೆ ಕಿರುಚೋ ಅಮ್ಮ, ಅವಳ ಮುಂದೆ ಮಗು ಥರ ಕೂತು ಜಡೆ ಹಾಕಿಸಿಕೊಂಡಳು.

"ಇಷ್ಟ್ ಸುಲಭ ಐತೆ ಕಣೋ ಅಣ್ಣ, ನೀನ್ಯಾಕೆ ಹಂಗೆ ಒದ್ದಾಡ್ತೀಯ?" ಅಂದಳು ತಂಗಿ.

ಉರಿ ನುಂಗಿಕೊಂಡು ಬೇಲೂರು ಬಸ್ ಹತ್ತಿದೆ. ಅಲ್ಲಿ ಮಸಾಲೆ ದೋಸೆ ಮುಂದೆ ಕೂತು ಫೋನ್ ಮಾಡಿದರೆ, "ಉಂಡು ಮಲಗವ್ಳೆ. ಪದೇಪದೇ ಮಾಡ್ಬೇಡ್ವೋ" ಅಂತ ಇಟ್ಟುಬಿಟ್ಟಳು. ನನ್ನ ಮುಂದೆ ಹಗಲಲ್ಲಿ ಒಂದಿನಾನೂ ಕಣ್ಣು ಮುಚ್ಚದವಳು! ದೋಸೆ ಅರ್ಧಕ್ಕೇ ಬಿಟ್ಟು ಎದ್ದೆ. ಆದರೂ ಹಟಕ್ಕೆ ಊರೆಲ್ಲಾ ತಿರುಗಿ, ಕೆರೆ ಏರಿ ಮೇಲೆ ಟವಲ್ ಹಾಸ್ಕೊಂಡು ಗೊರಕೆ ಹೊಡೆದೆ. ಎದ್ದಾಗ ಮೈ ಹಗುರ, ಕಾಲಿಗೆ ಹಳೇ ಚುರುಕು.

ಸಂಜೆ ಬಂದರೆ ಅಮ್ಮ ಜಗುಲಿ ಮೇಲಿದ್ದಳು.

"ಯಾರಪ್ಪ? ದೇಶ ಸುತ್ತೋನ ಹಂಗೆ ಕಾಣ್ತೀಯ."

"ಹೂಂ ಕಣವ್ವ, ಬೇಲೂರಿಂದ ಬಂದೆ."

"ನನ್ಗೂ ಒಬ್ಬ ಮಗ ಅವ್ನೆ. ಚಿನ್ನದಂಥೋನು. ನನ್ನ ಬಿಟ್ಟು ಒಂದ್ ಹೆಜ್ಜೆ ಆಚೆ ಇಡಾಕಿಲ್ಲ. ಮುಂದಿನ ಸಲ ಅವನ್ನೂ ಕರ್ಕೊಂಡೋಗಪ್ಪ, ಪಾಪ."

ತಂಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ದಿನಾ ಉಣಿಸಿ, ಮಲಗಿಸಿ, ಬಸ್ಸಿನ ಹಿಂದೆ ಓಡೋ ನನಗೆ ಒಂದು ಒಳ್ಳೆ ಮಾತಿಲ್ಲ. ಯಾವನೋ ಮಗನಿಗೆ ಇಷ್ಟೊಂದು ಹೊಗಳಿಕೆ! ಹೊಟ್ಟೆ ಧಗ್ ಅಂತ ಉರೀತು. ಅವನು ನಾನೇ ಅನ್ನೋದು ಹೊಳೆಯೋಕೆ ಒಂದು ಚೊಂಬು ನೀರು ಕುಡೀಬೇಕಾಯ್ತು.