ಫಿಯೋನಾಳ ಕೋಟಿಗೆ ಗಂಜಿ ಹಾಕಿದ್ದು

ಬೇರೆಯವರ ಕೊಳೆ ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಟ್ಟ ಬುದ್ಧಿ ಎಂದು ಗೊತ್ತು. ಅರುವತ್ತೆಂಟು ವರ್ಷ ಬಿಡದ್ದನ್ನು ಇನ್ನು ಬಿಡಲಾರೆ. ಗಂಡ ಇದ್ದಾಗ ಅವರು ತೊಟ್ಟ ಅಂಗಿಯನ್ನೇ ಬಿಚ್ಚಿಸಿ ಒಗೆದದ್ದುಂಟು. ಅವರು ಮೈಯೊರೆಸುವ ಬೈರಾಸು ಹೊದ್ದು ಕುಳಿತು ಬಸ್ಸು ತಪ್ಪಿಸಿಕೊಂಡರು. ಕುವೈತಿನ ಫಿಂಟಾಸ್‌ನಲ್ಲಿರುವ ಮಗಳ ಮನೆಗೆ ಬಂದ ಮೇಲೆ ಒಗೆಯುವ ಯಂತ್ರ ಸಿಕ್ಕಿತು. ಅದರಲ್ಲಿ ಬಟ್ಟೆ ತಿರುಗುತ್ತದೆ, ಕೊಳೆಯೂ ಜೊತೆಗೇ ತಿರುಗುತ್ತದೆ. ಹಾಗಾಗಿ ಇಲ್ಲಿಯೂ ಬಚ್ಚಲಲ್ಲಿ ಕುಳಿತು ಕೈಯಲ್ಲೇ ಒಗೆದು, ಬೆಳ್ತಿಗೆ ಅನ್ನದ ಗಂಜಿ ಹಾಕಿ ಒಣಗಿಸುತ್ತೇನೆ. ಇಲ್ಲಿಯ ಬಿಸಿಲಿಗೆ ಸೀರೆ ಅರ್ಧ ಗಂಟೆಯಲ್ಲಿ ಹಲಗೆಯಾಗುತ್ತದೆ.

ಎದುರು ಬಾಗಿಲಿನ ಫಿಯೋನಾ ಸ್ಕಾಟ್ಲೆಂಡಿನವಳು. ಹೊಟ್ಟೆಪಾಡಿಗೆ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ. ಜೀವ ಇರುವುದು ರೈಫಲ್ ಸ್ಪರ್ಧೆಯಲ್ಲಿ. ಹದಿಮೂರನೇ ವಯಸ್ಸಿಗೆ ಅಪ್ಪನ ಜೊತೆ ಕ್ಲಬ್ಬಿಗೆ ಹೋಗಿ ಚಾಪೆಯ ಮೇಲೆ ಬೋರಲು ಮಲಗಿದವಳು ಮೂವತ್ತು ವರ್ಷವಾದರೂ ಎದ್ದಿಲ್ಲ. ಐವತ್ತು ಮೀಟರ್ ಆಚೆ ಕುಂಕುಮದ ಬೊಟ್ಟಿನಷ್ಟು ಚುಕ್ಕೆ, ಅದಕ್ಕೆ ಅರುವತ್ತು ಗುಂಡು. “ಮಲಗಿ ಮಾಡುವ ಕೆಲಸಕ್ಕೂ ಪದಕ ಉಂಟಾ?” ಎಂದು ಕೇಳಿದೆ. ಮೊಮ್ಮಗಳು ನಿಶಾ ಇಂಗ್ಲಿಷಿನಲ್ಲಿ ದಾಟಿಸಿದಳು. ಫಿಯೋನಾ ನಕ್ಕಳು. ಉಂಟಂತೆ, ಮೂವರಿಗೆ, ಇವಳು ದೇಶದ ಪರವಾಗಿ ಎರಡು ಸಲ ಹೋಗಿ ಎರಡು ಸಲವೂ ನಾಲ್ಕನೆಯವಳಾದಳಂತೆ. ಈಗ ಮತ್ತೆ ತಂಡದ ಆಯ್ಕೆಗೆ ಊರಿಗೆ ಹೊರಟಿದ್ದಳು. ಈ ಸಲ ತಪ್ಪಿದರೆ ಬಂದೂಕು ಕೆಳಗಿಡುವುದೇ ಎಂದಿದ್ದಳು.

ಅವಳ ಬಾಲ್ಕನಿಗೆ ಬಿಸಿಲಿಲ್ಲ. ಗುಂಡು ಹೊಡೆಯುವಾಗ ತೊಡುವ ದಪ್ಪ ಕ್ಯಾನ್‌ವಾಸ್ ಕೋಟನ್ನು ನಮ್ಮಲ್ಲಿ ತೂಗುಹಾಕಲು ಕೊಟ್ಟಳು. “ಬರೀ ಗಾಳಿಗೆ ಹಾಕ್ಬೇಕಂತೆ ಅಜ್ಜಿ. ಓನ್ಲಿ ಏರ್. ಓಕೆ?” ಎಂದಳು ನಿಶಾ. ಓಕೆ ಎಂದೆ. ಮೂಸಿ ನೋಡಿದೆ. ಹತ್ತು ವರ್ಷದ ಬೆವರು ಅದರಲ್ಲಿ ಸಂಸಾರ ಹೂಡಿತ್ತು. ಮುಂದಿನದು ನಿಮಗೆ ಗೊತ್ತೇ ಇದೆ.

ಸಂಜೆ ಫಿಯೋನಾ ಕೋಟು ಮೂಸಿ “ಎಷ್ಟು ಫ್ರೆಶ್” ಎಂದಳು. “ಏರ್” ಎಂದೆ. ಮರುದಿನ ಅಭ್ಯಾಸ ಮುಗಿಸಿ ಬಂದವಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಜೀವಮಾನದಲ್ಲೇ ಅಷ್ಟು ಅಂಕ ಬಂದಿರಲಿಲ್ಲವಂತೆ, ರೈಫಲ್ ಕಲ್ಲಿನ ಹಾಗೆ ನಿಂತಿತಂತೆ. ಹೊಸದಾಗಿ ಕಲಿತ ಉಸಿರಾಟದ ಫಲವಂತೆ. ಖುಷಿಯಲ್ಲಿದ್ದವರ ಮಾತಿಗೆ ನಾನು ಅಡ್ಡ ಬಾಯಿ ಹಾಕಲಿಲ್ಲ.

ನಾಲ್ಕು ದಿನ ಕಳೆದು ಸ್ಕಾಟ್ಲೆಂಡಿನಿಂದ ವಿಡಿಯೋ ಕರೆ ಬಂತು. ಸ್ಪರ್ಧೆಗೆ ಮುಂಚೆ ಅಲ್ಲಿ ಕೋಟನ್ನು ಯಂತ್ರಕ್ಕೆ ಕೊಟ್ಟು ಒತ್ತಿ ನೋಡುತ್ತಾರಂತೆ. ಬಿರುಸಾಗಿದ್ದರೆ ಕೋಟೇ ಮೈಯನ್ನು ಹಿಡಿದು ನಿಲ್ಲಿಸುತ್ತದೆ, ಅದು ಮೋಸ. ಇವಳ ಕೋಟು ಫೇಲಾಗಿತ್ತು. ಎರಡು ಗಂಟೆ ಬಿಟ್ಟು ಇನ್ನೊಂದೇ ಸಲ ನೋಡುತ್ತಾರೆ. ಆಗಲೂ ಫೇಲಾದರೆ ಮನೆಗೆ.

“ಅಜ್ಜಿ, ಕೋಟಿಗೆ ಎಂಥ ಮಾಡಿದ್ದು ನೀನು?” ಎಂದಳು ನಿಶಾ.

“ಗಾಳಿಗೆ ಹಾಕಿದ್ದು.”

ಮಗಳು ಅಡುಗೆಮನೆಯಿಂದ ಬಂದಳು. “ಅಮ್ಮಾ, ಗಂಜಿ ಹಾಕಿದ್ದಾ?”

“ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಒಂದು ಪಾತ್ರೆ.”

ನಿಶಾ ಅದನ್ನು ಹೇಳಿದಾಗ ಫಿಯೋನಾಳ ಮುಖ ನೋಡಬಾರದೆಂದು ನೆಲ ನೋಡಿದೆ. ಆದರೆ ನೆಲ ನೋಡಿ ಕುಳಿತರೆ ಗಂಜಿ ಬಿಡುತ್ತದೆಯೇ? ಫೋನು ಕಸಿದುಕೊಂಡೆ. “ಬಿಸಿನೀರಲ್ಲಿ ಹಾಕಿ ಕಾಲಲ್ಲಿ ತುಳಿ ಮಾರಾಯ್ತಿ. ಕಂಕುಳು ಬಿಡಬೇಡ. ಹಿಂಡಬೇಡ, ಟವೆಲಲ್ಲಿ ಸುತ್ತಿ ಒತ್ತು.” ನಿಶಾ ಹೇಳುತ್ತಾ ಹೋದಳು, ಆ ಹೆಂಗಸು ಹೋಟೆಲಿನ ತೊಟ್ಟಿಯೊಳಗೆ ಪ್ಯಾಂಟು ಮಡಚಿ ತುಳಿಯುತ್ತಾ ಹೋದಳು. ಆಮೇಲೆ ತಲೆಕೂದಲು ಒಣಗಿಸುವ ಯಂತ್ರ ಹಿಡಿದಳು.

ಎರಡನೇ ಸಲ ಕೋಟು ಪಾಸಾಯಿತು. ಒದ್ದೆ ಕೋಟಿನಲ್ಲೇ ಮಲಗಿ ಹೊಡೆದಳು. ನನ್ನ ಮೇಲಿನ ಸಿಟ್ಟಿನಲ್ಲಿ ಹೆದರಲು ಪುರುಸೊತ್ತಾಗಲಿಲ್ಲವಂತೆ. ತಂಡದಲ್ಲಿ ಕೊನೆಯ ಜಾಗ ಸಿಕ್ಕಿತು.

ವಾಪಸು ಬಂದವಳು ಬೈಯಲಿಲ್ಲ. ಮೂವತ್ತು ವರ್ಷದ ಅಂಕಗಳನ್ನೆಲ್ಲ ಬರೆದಿಟ್ಟ ಪುಸ್ತಕ ತಂದು ತೋರಿಸಿದಳು. ಗಂಜಿ ಕೋಟಿನ ದಿನದ ಅಂಕವನ್ನು ಗೆರೆ ಎಳೆದು ಹೊಡೆದುಹಾಕಿದ್ದಳು, ಅದು ತನ್ನದಲ್ಲವಂತೆ. ಪಕ್ಕದಲ್ಲಿ ಏನೋ ಬರೆದಿತ್ತು. ನಿಶಾಳಿಂದ ಎರಡು ಸಲ ಓದಿಸಿದೆ. ‘ಅಜ್ಜಿ’ ಎಂದಿತ್ತು. ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅಂಕ ಈಗ ಬಂದೂಕು ಮುಟ್ಟದ ನನ್ನ ಹೆಸರಿನಲ್ಲಿದೆ. ಇದನ್ನೆಲ್ಲ ಊರಿಗೆ ಸಾರುವ ಸ್ವಭಾವ ನನ್ನದಲ್ಲ. ಮೂರನೇ ಮಹಡಿಯವರೆಗೆ ಹೇಳಿದ್ದೇನೆ. ಮೇಲಿನವರಿಗೆ ಲಿಫ್ಟು ರಿಪೇರಿಯಾದ ಮೇಲೆ.