ಕಾದಂಬರಿ ಓದಿದವರ ತಕರಾರು

ಕಾದಂಬರಿ ಓದಿ ಮುಗಿಸಿ, ಮಡಚಿಟ್ಟು, ಸುಮ್ಮನೆ ಮಲಗಿದ ಮನುಷ್ಯನನ್ನು ನಮ್ಮ ಕಡೆ ನಾನು ಇನ್ನೂ ಕಂಡಿಲ್ಲ. ಒಬ್ಬರಿಗೆ ನಾಯಕನ ಮೇಲೆ ಸಿಟ್ಟು, ಇನ್ನೊಬ್ಬರಿಗೆ ಬರೆದವನ ಮೇಲೆ. ಅವರಿಬ್ಬರೂ ಕೈಗೆ ಸಿಗುವುದಿಲ್ಲವಾದ್ದರಿಂದ ಆ ಸಿಟ್ಟೆಲ್ಲ ಪುಸ್ತಕ ಕೊಟ್ಟ ನನ್ನ ಮೇಲೆ.

ನಾನು ಸಾಲಿ ಮಾಸ್ತರ. ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿಗೆ ವರ್ಗವಾದರೂ ಒಂದು ಟ್ರಂಕು ಪುಸ್ತಕ ನನ್ನ ಹಿಂದೆ ಬರುತ್ತಿತ್ತು. ಸಂಜೆ ಊರವರಿಗೆ ಪುಸ್ತಕ ಕೊಡುವುದು, ಓದು ಬಾರದವರಿಗೆ ಓದಿ ಹೇಳುವುದು ನನ್ನ ಹುಚ್ಚು. ಅದಕ್ಕೊಂದು ಖೋಲಿ ಬೇಕು. ಬಾಡಿಗೆ ಕೊಡುವ ತಾಕತ್ತು ಮಾಸ್ತರನ ಪಗಾರಕ್ಕೆಲ್ಲಿಂದ ಬರಬೇಕು? ಊರಿನ ದೊಡ್ಡವರು ಯಾರಾದರೂ ಪುಕ್ಕಟೆ ಕೊಡಬೇಕು. ಕೊಟ್ಟವರು ಕಾದಂಬರಿ ಓದದಿದ್ದರೆ ಚಿಂತೆಯಿಲ್ಲ. ಓದಿದರೋ, ಖೋಲಿಗೆ ಸಂಚಕಾರ.

ಅಂಗಡಿ ಬಾಗಿಲು

ಗೋಕಾಕದಲ್ಲಿ ಖೋಲಿ ಕೊಟ್ಟವರು ಕಾಳಿನ ವ್ಯಾಪಾರದ ಸಾವಕಾರರು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು, ಪೂಜೆ ಆದ ಮೇಲೆ ಅಂಗಡಿಯ ಗಾದಿ ಬಿಟ್ಟು ಏಳದವರು. ಅವರ ಅಂಗಡಿಯ ಮೇಲಿನ ಮಾಳಿಗೆಯಲ್ಲೇ ನನ್ನ ಪುಸ್ತಕಗಳು. ಒಮ್ಮೆ ಏನು ಮನಸ್ಸು ಬಂತೋ, ಪ್ರೇಮದ ಕಾದಂಬರಿಯೊಂದನ್ನು ಮನೆಗೆ ಒಯ್ದರು. ಅದರಲ್ಲಿ ನಾಯಕ ಬಟ್ಟೆ ವ್ಯಾಪಾರಿಯ ಮಗ. ಹುಡುಗಿಯೊಬ್ಬಳನ್ನು ಕಂಡು ಮರುಳಾಗಿ ಹೊಳೆದಂಡೆ, ತೋಟ, ಗುಡಿ ಎಂದು ತಿರುಗುತ್ತಾನೆ. ಮರುದಿನ ಬೆಳಿಗ್ಗೆಯೇ ಸಾವಕಾರರು ಪುಸ್ತಕ ತಂದು ನನ್ನ ಮುಂದಿಟ್ಟರು.

"ಮಾಸ್ತರ, ಈ ಹುಡುಗನ ಅಪ್ಪ ಮೊದಲನೇ ಅಧ್ಯಾಯದಾಗ ಸತ್ತ, ಹೌದಲ್ಲ?"

"ಹೌದ್ರಿ."

"ಅಣ್ಣ ತಮ್ಮ ಯಾರೂ ಇಲ್ಲ?"

"ಇಲ್ರಿ."

"ಮತ್ತ ದೀಪಾವಳಿ ಬಂತು, ಹೋತು. ಲಗ್ನದ ಸುಗ್ಗಿ ಬಂತು, ಹೋತು. ಇಂವ ಹೊಳಿ ದಂಡ್ಯಾಗ ಕುಂತಾನ. ಅಂಗಡ್ಯಾಗ ಯಾರ ಅದಾರ?"

ಬರೆದವರು ಅದನ್ನು ಹೇಳಿರಲಿಲ್ಲ. "ಕಡೀಕ ಹುಡುಗಿ ಸಿಗತಾಳ್ರಿ, ಮುಂದ ಓದ್ರಿ" ಎಂದೆ.

"ಹುಡುಗಿ ಸಿಗತಾಳ, ಹೋದ ಗಿರಾಕಿ ಸಿಗತಾರೇನು? ಅಂವ ಮೊದಲ ಅಂಗಡಿ ಬಾಗಲಾ ತಗೀಲಿ. ಆಮ್ಯಾಲ ನಾ ಓದತೇನಿ."

ಖೋಲಿಗೇನೂ ಧಕ್ಕೆಯಾಗಲಿಲ್ಲ. ಆದರೆ ನಾನು ಆ ಊರು ಬಿಡುವ ತನಕ, ಮಾಳಿಗೆಯ ಮೆಟ್ಟಿಲು ಹತ್ತುವಾಗಲೆಲ್ಲ ತಕ್ಕಡಿಯ ಹಿಂದಿನಿಂದ ಅವರ ಧ್ವನಿ ಕೇಳುತ್ತಿತ್ತು: "ತಗದನೇನ್ರಿ?"

ಒಂದು ರೊಟ್ಟಿ

ಮೂಡಲಗಿಯಲ್ಲಿ ನನಗೆ ಸಿಕ್ಕದ್ದು ಜೈನ ವ್ಯಾಪಾರಿಗಳ ಮನೆಯ ಪಡಸಾಲೆ. ಮನೆಗೆ ಹಿರಿಯರಾದ ಕಾಕಿಯದು ಅರ್ಧ ಕನ್ನಡ, ಅರ್ಧ ಮರಾಠಿ, ಅಂತಃಕರಣ ಮಾತ್ರ ಪೂರ್ತಿ. ರವಿವಾರ ಮಧ್ಯಾಹ್ನ ಓಣಿಯ ಹೆಂಗಸರು ಕೂಡುತ್ತಿದ್ದರು. ನಾನು ಜೈನ ಮನೆತನದ ಸೊಸೆಯೊಬ್ಬಳ ಕಥೆ ಓದುತ್ತಿದ್ದೆ. ಅತ್ತೆ ಅವಳಿಗೆ ಹೊಟ್ಟೆಗೆ ಹಾಕುವುದಿಲ್ಲ, ಗಂಡ ಬಾಯಿ ತೆರೆಯುವುದಿಲ್ಲ. ಕಾಕಿಗೆ ಅವಳೆಂದರೆ ಪ್ರಾಣ, ಮರಾಠಿಯಲ್ಲಿ ಮಗುವನ್ನು ಕರೆಯುವಂತೆ "ಬಾಳಾ" ಎಂದೇ ಕರೆಯುವರು. "ನನ್ನ ಬಾಳಾಗ ಮುಂದ ಏನಾತ್ರಿ?" ಎಂದು ವಾರವಿಡೀ ಕೇಳುವರು.

ಒಂದು ರವಿವಾರ ಆ ಸೊಸೆ ದಿನವಿಡೀ ಹಸಿದಿದ್ದು, ಎಲ್ಲರೂ ಮಲಗಿದ ಮೇಲೆ ಕದ್ದು ಒಂದು ತಂಗಳು ರೊಟ್ಟಿ ತಿಂದಳು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಕಾಕಿ ಮಾತ್ರ ಕೈ ಎತ್ತಿದರು.

"ನಿಲ್ಲಸ್ರಿ. ಯಾವಾಗ ತಿಂದಳಂದ್ರಿ? ಹೊತ್ತು ಮುಳುಗಿದ ಮ್ಯಾಲ? ರಾತ್ರಿ ಉಣ್ಣದ ನಮ್ಮವರ ಹುಡುಗಿ?"

"ಹಸಿವಾಗಿತ್ತಲ್ರಿ ಕಾಕಿ."

"ಹಸಿವು ನಮಗ ಗೊತ್ತಿಲ್ಲೇನು? ಉಪಾಸ ಮಾಡೇ ದೊಡ್ಡವರಾಗೇವಿ. ಆ ರೊಟ್ಟಿ ಸಂಜೀ ಮುಂದ ತಿನ್ನಸಾಕ ಬರತಿದ್ದಿಲ್ಲೇನು? ಬರದವರಿಗೆ ಏನ್ ತ್ರಾಸ ಇತ್ತು?"

ಅಂದಿನಿಂದ ಬಾಳಾ ಹೋಗಿ ಬರೀ "ಅಕಿ" ಆಯಿತು. ಕಡೆಗೆ ಸೊಸೆ ಜ್ವರ ಬಂದು ಸತ್ತಳು. ಎಲ್ಲರಿಗಿಂತ ಹೆಚ್ಚು ಅತ್ತವರು ಕಾಕಿಯೇ. ಸೆರಗಿನಿಂದ ಮೂಗು ಒರೆಸಿಕೊಂಡು ನಿಟ್ಟುಸಿರು ಬಿಟ್ಟರು.

"ಭಾಳ ಛಲೋ ಹುಡುಗಿ. ಆ ಒಂದು ರೊಟ್ಟಿ ಪಚನ ಆಗಲಿಲ್ಲ ನೋಡ್ರಿ."

ಬೀಳುವವರು, ಎತ್ತುವವರು

ಮೂಡಲಗಿಯ ಸಂತೆಗೆ ಮಸಗುಪ್ಪಿಯಿಂದ ಇಬ್ಬರು ಅಣ್ಣತಮ್ಮಂದಿರು ಬರುತ್ತಿದ್ದರು. ಪಾಲಾದ ಮೇಲೆ ಹೊಲದ ಬದುವಿಗಾಗಿ ಜಗಳಾಡಿ ಮಾತು ಬಿಟ್ಟವರು. ಬೇರೆ ಬೇರೆ ಚಕ್ಕಡಿಯಲ್ಲಿ ಬಂದು, ಸಂತೆ ಮುಗಿದ ಮೇಲೆ ನನ್ನ ಓದು ಕೇಳಲು ಕೂಡುವರು, ಒಬ್ಬ ಕಂಬದ ಈಚೆ, ಇನ್ನೊಬ್ಬ ಆಚೆ. ನಾನು ಬೇಕೆಂದೇ ಮುನಿದ ಅಣ್ಣತಮ್ಮಂದಿರ ಕಾದಂಬರಿ ಹಿಡಿದೆ. ಕಡೆಗೆ ತಮ್ಮ ಅಣ್ಣನ ಕಾಲಿಗೆ ಬೀಳುತ್ತಾನೆ, ಅಣ್ಣ ಎತ್ತಿ ಅಪ್ಪಿಕೊಳ್ಳುತ್ತಾನೆ. ಕೇಳುತ್ತ ಕೂತ ಇಬ್ಬರೂ ಗೊಳೋ ಎಂದು ಅತ್ತರು. ನನಗೆ ಹಿಗ್ಗು. ಪುಸ್ತಕ ಮುಚ್ಚಿದೆ.

ಅಣ್ಣ ಕಂಬದ ಕಡೆ ತಿರುಗಿ, "ಕೇಳಿದೇನು? ತಮ್ಮ ಅಂದ್ರ ಹಂಗ ಬೀಳಬೇಕು" ಎಂದ.

"ಅಣ್ಣ ಅಂದ್ರ ಹಂಗ ಎತ್ತಬೇಕು. ನೀ ಎತ್ತಾಂವ ಅಲ್ಲ" ಎಂದ ತಮ್ಮ.

"ಬಿದ್ದು ನೋಡು, ಎತ್ತತೇನಿ."

"ಎತ್ತತೇನಿ ಅಂತ ಆಣಿ ಮಾಡು, ಬೀಳತೇನಿ."

ಹೊತ್ತು ಇಳಿದರೂ ವಾದ ಮುಗಿಯಲಿಲ್ಲ. ಅರ್ಧಕ್ಕೆ ಬಿಡಲಾರದೆ ಇಬ್ಬರೂ ಒಂದೇ ಚಕ್ಕಡಿ ಹತ್ತಿ ಹೋದರು. ಇನ್ನೊಂದು ಚಕ್ಕಡಿಯ ಎತ್ತುಗಳು ತುಸು ಹೊತ್ತು ದಾರಿ ನೋಡಿ, ತಾವೇ ಹಿಂದೆ ಹೊರಟವು.

ವಾಡೆಯ ಖೋಲಿ

ಹುಕ್ಕೇರಿ ಕಡೆಯ ಆ ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ಗೌಡರ ಮೊಮ್ಮಕ್ಕಳು ಈಗಲೂ ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾರೆ.

ಗೌಡರು ತಮ್ಮ ವಾಡೆಯ ಹೊರಖೋಲಿ ಕೊಟ್ಟಿದ್ದರು, ಕಪಾಟೂ ಮಾಡಿಸಿದ್ದರು. ನನ್ನ ಪುಸ್ತಕಗಳು ಮೊದಲ ಸಲ ಟ್ರಂಕಿನಿಂದ ಹೊರಗೆ ಬಂದು ಸಾಲಾಗಿ ನಿಂತಿದ್ದವು. ಸಂಜೆಯಾದರೆ ಕಂದೀಲಿನ ಸುತ್ತ ಜನ. ನನ್ನ ಜೀವವೆಲ್ಲ ಆ ಖೋಲಿಯಲ್ಲಿತ್ತು.

ಅಷ್ಟರಲ್ಲಿ ಹೊಸ ಕಾದಂಬರಿಯೊಂದು ಬಂತು. ಅದರಲ್ಲಿ ಒಬ್ಬ ಗೌಡ. ಕಿವಿ ಮುಟ್ಟುವ ಮೀಸೆ, ಬಿಳಿ ಕುದುರೆ, ಕೂತರೆ ಬುಟ್ಟಿ ಹೋಳಿಗೆ ಖಾಲಿ ಮಾಡುವ ಹೊಟ್ಟೆ. ಬಾಜೂ ಹೊಲದ ಬಡವನ ಬಾವಿಯನ್ನು ಒತ್ತಿಕೊಂಡವನು. ನಮ್ಮ ಗೌಡರಲ್ಲೂ ಇದೆಲ್ಲ ಇತ್ತು, ಬಾವಿ ಸಹಿತ. ಬಾವಿ ಕಳೆದುಕೊಂಡ ಮುದುಕ ದಿನಾಲು ಖೋಲಿಯ ಬಾಗಿಲ ಬಳಿ ಕೂತು ಓದು ಕೇಳುತ್ತಿದ್ದ. ಗೌಡರು ಮಾತ್ರ ಅದು ತಮ್ಮ ಹಿರಿಯರ ಬಾವಿಯೆಂದೇ ಸಾಧಿಸುತ್ತ ಬಂದಿದ್ದರು.

ಪುಸ್ತಕ ಓದಿ ಮುಗಿಸಿದೆ. ಊರೆಲ್ಲ ಮುಸಿಮುಸಿ ನಕ್ಕಿತು. ನಗೆ ಗೌಡರ ಕಿವಿಗೂ ಬಿತ್ತು. ಪುಸ್ತಕ ತರಿಸಿಕೊಂಡು ಅರ್ಧ ಓದಿ, ಅದೇ ಸಂಜೆ ಖೋಲಿಗೆ ಬಂದರು. ಎಲ್ಲರೂ ಎದ್ದು ನಿಂತೆವು.

"ಮಾಸ್ತರ, ನನ್ನ ಖೋಲ್ಯಾಗ ಕುಂತು ನನ್ನ ಮ್ಯಾಲ ಬರದದ್ದು ಓದತೀರಿ? ನಾಳಿ ಖಾಲಿ ಮಾಡ್ರಿ."

ಕಪಾಟಿನ ಕಡೆ ನೋಡಿದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಬರದವರು ನಿಮ್ಮನ್ನ ಕಂಡೇ ಇಲ್ರಿ ಗೌಡ್ರ. ಅದು ಹೊಳಿ ಆಚಿ ನಿಮ್ಮ ಬೀಗರ ಮ್ಯಾಲ ಬರದದ್ದಂತ."

ಬೀಗರೆಂದರೆ ಗೌಡರು ಮಗಳನ್ನು ಕೊಟ್ಟ ಮನೆಯ ಯಜಮಾನರು. ಅವರೂ ಗೌಡರೇ. ಇನ್ನು ಸಿಟ್ಟು ಇಳಿಯಿತೆಂದುಕೊಂಡೆ. ಆದರೆ ಗೌಡರ ಮುಖ ಮೊದಲಿಗಿಂತ ಕೆಂಪಾಯಿತು.

"ಅವನ ಮ್ಯಾಲ? ಅವನ ಮ್ಯಾಲ ಪುಸ್ತಕ ಬರೀತಾರ? ಅವನ ಮೀಸಿ ನೋಡೀರೇನು, ಇಲಿ ಬಾಲ! ಅವನ ಕುದರಿ ಕುಂಟ. ಎರಡು ಹೋಳಿಗಿ ಉಂಡ್ರ ಹೊಟ್ಟಿ ಹಿಡಕೊಂಡು ಮಲಗತಾನ. ನೀವು ಮಾಸ್ತರ ಆಗಿ ಏನ್ ಓದತೀರಿ? ಮೀಸಿ ನಂದು, ಕುದರಿ ನಂದು, ಹೋಳಿಗಿ ಉಂಡಾಂವ ನಾನು!"

ಮೂಲೆಯಿಂದ ಯಾರೋ, "ಬಾವಿ ಅವರೂ ಒತ್ತಿಕೊಂಡಿರಬೇಕಲ್ರಿ" ಎಂದರು.

"ಅವನಿಗೆಲ್ಲಿ ಅಷ್ಟು ಧೈರ್ಯ? ಬಾವಿ ಒತ್ತಿಕೊಂಡಾಂವ ನಾನು! ಊರಾಗ ಯಾರನ್ನರ ಕೇಳ್ರಿ!"

ಬಾಗಿಲ ಬಳಿಯ ಮುದುಕ ಮೆಲ್ಲಗೆ ಮುಂದೆ ಬಂದು ಕೈ ಮುಗಿದ.

"ಇಷ್ಟು ಮಂದಿ ಮುಂದ ನೀವ ಅಂದ್ರಿ, ಗೌಡ್ರ. ಹಂಗಾರ ನನ್ನ ಬಾವಿ?"

ಮೀಸೆಯ ಮೇಲಿದ್ದ ಗೌಡರ ಕೈ ಅಲ್ಲೇ ನಿಂತಿತು. ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು: "ಮಾಸ್ತರ, ನಾ ಅರ್ಧಾ ಓದೇನಿ. ಆ ಗೌಡ ಕಡೀಕ ಏನ್ ಮಾಡತಾನ?"

ಸುಳ್ಳು ಹೇಳುವಂತಿರಲಿಲ್ಲ. ಅಲ್ಲಿದ್ದವರೆಲ್ಲ ಕೊನೆಯ ಅಧ್ಯಾಯ ಕೇಳಿದವರೇ.

"ಬಾವಿ ತಿರುಗಿ ಕೊಡತಾನ್ರಿ."

ಗೌಡರು ರುಮಾಲು ಸರಿ ಮಾಡಿಕೊಂಡು ಹೊಸ್ತಿಲು ದಾಟಿದರು.

"ಹಂಗಾರ ಅದು ನಮ್ಮ ಬೀಗರ ಮ್ಯಾಲ ಬರದದ್ದ ಖರೆ. ಖೋಲಿ ಇರ್ಲಿ ತಗೋರಿ."