ಕುಸ್ಕುಸ್ ಮಾಡಿ ಹೆಂಡತಿಯನ್ನು ಉಳಿಸಿಕೊಳ್ಳುವ ವಿಧಾನ

ಹೆಂಡತಿಯಾದವಳು ಕೂಗಾಡಿ, ಪಾತ್ರೆ ಕುಕ್ಕಿ, "ಮನೆ ಬಿಟ್ಟು ಹೋಗ್ತೀನಿ" ಎಂದರೆ ಹೆದರಬೇಕಾಗಿಲ್ಲ. ಅದನ್ನು ಕೇಳಿ ಕೇಳಿ ನನ್ನ ಕಿವಿ ಪಳಗಿದೆ. ಅದೇ ಮಾತನ್ನು ದನಿಯೇರಿಸದೆ, ಬಟ್ಟೆ ಮಡಚುತ್ತಾ ಹೇಳಿದರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ. ನನ್ನವಳು ಹೋದ ವಾರ ಹಾಗೆ ಹೇಳಿದಳು.

"ಅಕ್ಕನ ಮನೆಗೆ ಹೋಗ್ತೀನಿ ಕಣ್ರೀ. ಸಾಕಾಗಿದೆ."

"ಎಷ್ಟು ದಿನಕ್ಕೆ?"

"ಅಲ್ಲೇ ಇದ್ದುಬಿಡ್ತೀನಿ."

"ಅಂಥಾದ್ದು ನಾನೇನು ಮಾಡಿದೆ?"

"ಏನೂ ಮಾಡಲಿಲ್ಲ. ಅದೇ ಸಾಕಾಗಿದ್ದು."

ಹೇಳಿದಳೇ ಹೊರತು ಹೋಗಲಿಲ್ಲ. ಅರ್ಧ ತುಂಬಿದ ಪೆಟ್ಟಿಗೆ ಮಂಚದ ಮೇಲೆ ಬಾಯಿ ತೆರೆದು ಬಿದ್ದಿತ್ತು. ನಾವಿಬ್ಬರೂ ಅದರ ಆಚೆಗೊಬ್ಬರು ಈಚೆಗೊಬ್ಬರು ಮಲಗುತ್ತಿದ್ದೆವು. ಆಕೆಯನ್ನು ತಡೆದಿರುವುದು ನನ್ನ ಮೇಲಿನ ಪ್ರೀತಿಯೇ ಎಂದು ನಾನು ತೀರ್ಮಾನಿಸಿದೆ. (ಗಂಡಸರು ಇಂಥ ತೀರ್ಮಾನಕ್ಕೆ ಬಹಳ ಬೇಗ ಬರುತ್ತಾರೆ.) ಇನ್ನೊಂದು ಚೂರು ಪ್ರಯತ್ನಪಟ್ಟರೆ ಪೆಟ್ಟಿಗೆ ಖಾಲಿಯಾದೀತು ಅನ್ನಿಸಿತು. ಹಾಗಾಗಿ ಕೆಲಸಕ್ಕೆ ರಜೆ ಹಾಕಿ, ಆಕೆ ಹಲ್ಲಿನ ಡಾಕ್ಟರ ಬಳಿ ಹೋದದ್ದೇ ತಡ, ಅಡುಗೆಮನೆಯೆಂಬ ಪರರಾಜ್ಯಕ್ಕೆ ದಂಡೆತ್ತಿ ಹೋದೆ.

ಕಪಾಟಿನಲ್ಲಿ ಕುಸ್ಕುಸ್ ಪೊಟ್ಟಣವಿತ್ತು. ಗೋಧಿ ರವೆಯ ಪುಟ್ಟ ಹರಳುಗಳು. ಯಾರದೋ ಮನೆಯಲ್ಲಿ ಇದಕ್ಕೆ ಕೆನೆ, ಚೀಸ್ ಬೆರೆಸಿದ್ದನ್ನು ತಿಂದು ಬಂದು ಆಸೆಪಟ್ಟು ತಂದಿಟ್ಟಿದ್ದಳು. ಮೆತ್ತಗಿನ ಪದಾರ್ಥ, ನೋಯುವ ಹಲ್ಲಿಗೂ ಹಿತ. ಅಕ್ಕಿಗೆ ಇಡುವಂತೆ ನೀರಿಟ್ಟು, ಅರ್ಧ ಪೊಟ್ಟಣ ಸುರಿದು ಚೆನ್ನಾಗಿ ಕುದಿಸಿದೆ. ನಾನು ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವವನು. ಮುಚ್ಚಳ ತೆಗೆದ ಕೂಡಲೇ ಪದಾರ್ಥದ ಗುರುತು ಸಿಕ್ಕಿತು. ಗೋಡೆಯ ಬಿರುಕಿಗೆ ತುಂಬುವ ಪುಟ್ಟಿ! ಸೌಟು ಅದರಲ್ಲಿ ನೆಟ್ಟಗೆ ನಿಂತಿತ್ತು. ಬೇರೆ ಊರಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ.

"ಅಯ್ಯೋ, ಅದನ್ನ ಬೇಯಿಸ್ತಾರಾ ಯಾರಾದ್ರೂ? ಕುದಿಯೋ ನೀರು ಹಾಕಿ ಮುಚ್ಚಿಡು, ತಾನೇ ಅರಳುತ್ತೆ. ಮೊದಲು ಒಲೆ ಆರಿಸು ಅಪ್ಪಾ."

"ಆರಿಸಿದೀನಿ." (ಹೇಳಿದ ಮೇಲೆ ಆರಿಸಿದೆ.)

"ನಿನ್ನ ಕೋಳಿ ಸೂಪಿನ ಪುಡಿ ಹಾಕ್ಬೇಡ. ಅಮ್ಮ ಮಾಂಸ ಮುಟ್ಟಲ್ಲ, ಗೊತ್ತು ತಾನೇ?"

"ನನ್ನ ಹೆಂಡತಿ ವಿಷಯ ನನಗೇ ಹೇಳ್ಕೊಡ್ತೀಯಾ?" ಎಂದು ಗದರಿ, ಕೈಯಲ್ಲಿದ್ದ ಪುಡಿಯ ಡಬ್ಬಿಯನ್ನು ಸದ್ದಾಗದಂತೆ ಕೆಳಗಿಟ್ಟೆ.

"ಅದು ಊಟದ ಜೊತೆ ಪಕ್ಕಕ್ಕೆ ಹಾಕ್ಕೊಳ್ಳೋ ಪದಾರ್ಥ ಅಪ್ಪಾ. ಊಟಕ್ಕೆ ಏನು ಮಾಡಿದೀಯಾ?"

"ಬ್ರೆಡ್ಡಿದೆಯಲ್ಲ!"

ಮಗಳು, "ಅಮ್ಮನ್ನ ಹೋಗೋಕೆ ಬಿಡಪ್ಪಾ" ಎಂದಳು. ಸಿಗ್ನಲ್ ಸಿಗುತ್ತಿಲ್ಲವೆಂದು ಫೋನ್ ಇಟ್ಟುಬಿಟ್ಟೆ.

ಪೊಟ್ಟಣದಲ್ಲಿ ಉಳಿದಿದ್ದ ಹರಳಿಗೆ ಕುದಿನೀರು ಹಾಕಿ ಮುಚ್ಚಿ, ಬೆಣ್ಣೆಯಲ್ಲಿ ಈರುಳ್ಳಿ, ಬಟಾಣಿ ಬಾಡಿಸಿ, ಹಾಲು, ಕೆನೆ ಸುರಿದೆ. ಇನ್ನು ಚೀಸ್. ಇಲ್ಲಿ ನನ್ನ ವಿದ್ಯೆ ಕೈಹಿಡಿಯಿತು ನೋಡಿ! ಬಣ್ಣಕ್ಕೆ ಬಣ್ಣ ಸೇರಿಸುವಾಗ ಚೂರುಚೂರೇ ಹಾಕಬೇಕು, ಒಂದೇ ದಿಕ್ಕಿಗೆ ತಿರುವಬೇಕು, ತಳ ಕೆರೆಯುತ್ತಲೇ ಇರಬೇಕು. ಗಂಟು ಉಳಿದರೆ ಗಿರಾಕಿ ಜನ್ಮ ಜಾಲಾಡುತ್ತಾನೆ. ತುರಿದ ಚೀಸನ್ನು ಹಾಗೆಯೇ ತಿರುವಿದೆ. ಸೌಟು ಎತ್ತಿದರೆ ದಾರದಂತೆ ಇಳಿಯಿತು. ಮಲಗುವ ಕೋಣೆಗೆಂದು ನಾವು ಗಿರಾಕಿಗಳಿಗೆ ತೋರಿಸುವ ತಿಳಿಹಳದಿ. ಅರಳಿದ ಕುಸ್ಕುಸ್ಸನ್ನು ಫೋರ್ಕಿನಿಂದ ಬಿಡಿಸಿ, ಕಾಳುಮೆಣಸು ಉದುರಿಸಿ ಅದರಲ್ಲಿ ಕಲಸಿದೆ. ಬಾಯಿಗಿಟ್ಟುಕೊಂಡೆ. ಅಡುಗೆ ಬಲ್ಲವರು ಯಾರೋ ಮಾಡಿಕೊಟ್ಟಂತಿತ್ತು.

ಆಕೆ ಬಂದಳು. ಕೆನ್ನೆ ಊದಿತ್ತು. ತಟ್ಟೆ ಮುಂದಿಟ್ಟೆ.

"ಯಾರು ಮಾಡಿದ್ದು?"

"ನಾನೇ!"

"ಹೋಟೆಲಿಂದ ತಂದು ಪಾತ್ರೆಗೆ ಸುರಿದಿಲ್ಲ ತಾನೇ?"

"ನಿನ್ನಾಣೆ!"

ಒಂದು ಚಮಚ ತಿಂದಳು. ಇನ್ನೊಂದು. ಮತ್ತೆ ಹಾಕಿಸಿಕೊಂಡಳು. ನನ್ನ ತಲೆಗೆ ಎರಡು ಕೊಂಬು ಮೂಡಿದವು.

"ಇದನ್ನ ನಾಳೆ ಯಾರೂ ಹೇಳ್ಕೊಡದೆ ಒಬ್ಬರೇ ಮಾಡಬಲ್ಲಿರಾ?"

"ನಾಳೆ ಏನು, ದಿನಾ ಮಾಡ್ತೀನಿ! ಕಣ್ಣು ಮುಚ್ಚಿಕೊಂಡು ಮಾಡ್ತೀನಿ!"

ಆಕೆ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು, ಊದಿದ ಕೆನ್ನೆಯಲ್ಲೇ. ಗೆದ್ದೆ ಅಂದುಕೊಂಡೆ. ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಅಕ್ಕಾ, ನಾಳೆ ಬೆಳಗಿನ ಬಸ್ಸಿಗೇ ಬರ್ತೀನಿ ಕಣೆ. ಇವರು ಉಪವಾಸ ಬೀಳ್ತಾರಲ್ಲ ಅಂತಾನೇ ಇಷ್ಟು ದಿನ ಮನಸ್ಸು ಹಿಂದೇಟು ಹಾಕ್ತಿತ್ತು. ಇನ್ನು ಆ ಚಿಂತೆ ಇಲ್ಲ."

ಸೌಟು ಹಿಡಿದುಕೊಂಡೇ ನಿಂತಿದ್ದೆ. ಅಳು ಬಂತು, ನಾಚಿಕೆಯೇನಿಲ್ಲ. ಒಳಗಿನಿಂದ ಆಕೆ ಕೂಗಿದಳು, ಅಕ್ಕರೆಯಿಂದಲೇ.

"ರೀ, ಮಿಕ್ಕಿದ್ದನ್ನ ಮುಚ್ಚಿ ಫ್ರಿಜ್ಜಲ್ಲಿಡಿ. ನಿಮಗೊಬ್ಬರಿಗೆ ನಾಳೆ ರಾತ್ರಿವರೆಗೂ ಆಗುತ್ತೆ."